ಆಷಾಢದ ಸೀರೆ, ಶ್ರಾವಣದ ಗೂಡು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮೂಢನಂಬಿಕೆ ನನ್ನ ಹತ್ತಿರ ಸುಳಿಯುವುದಿಲ್ಲ. ಸುಳಿದರೆ ನಿಲ್ಲಿಸಿಕೊಂಡು ವಾದ ಮಾಡುತ್ತೇನೆ. ಈ ಗುಣದಿಂದಾಗಿ ಹೋಳೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ನನಗೆ ಒಂದಿಷ್ಟು ಗೌರವವೂ ನಮ್ಮ ಅತ್ತೆಗೆ ಒಂದಿಷ್ಟು ತಲೆನೋವೂ ಇದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕಥೆಯಲ್ಲಿ ನನ್ನ ಪರವಾಗಿ ಹೇಳುವಂಥದ್ದು ಬೇರೇನೂ ಇಲ್ಲ.

ಹೋದ ವರ್ಷ ನನ್ನ ನಾದಿನಿ ಪವಿತ್ರಳ ಮದುವೆ ಶ್ರಾವಣದ ಕೊನೆಗೆ ನಿಶ್ಚಯವಾಯಿತು. ಒಂದು ದಿನ ಅತ್ತೆ ಮಂಡಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತಾ ನನ್ನನ್ನು ಕರೆದರು.

"ಸುಜಾತಾ, ಈ ಸಲ ಜವಳಿ ನೀನೇ ತಗೊಂಬಾಮ್ಮ. ಧಾರೆ ಸೀರೆ, ಬೀಗರ ಸೀರೆ, ಎಲ್ಲಾ. ನನ್ನ ಮಂಡಿ ಮಾತು ಕೇಳಲ್ಲ."

ನಾನು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ಒಗ್ಗರಣೆಗೆ ಎಷ್ಟು ಸಾಸಿವೆ ಬೀಳಬೇಕು ಎನ್ನುವುದನ್ನೂ ಇಂದಿಗೂ ಅತ್ತೆಯೇ ತೀರ್ಮಾನಿಸುತ್ತಾರೆ. ಅಂಥ ಮನೆಯಲ್ಲಿ ಒಮ್ಮೆಗೇ ಜವಳಿ ಖಾತೆ! ನನಗೆ ಮಂತ್ರಿಗಿರಿ ಸಿಕ್ಕಷ್ಟು ಸಂತೋಷವಾಯಿತು. ಪವಿತ್ರ ಬೇರೆ ನನ್ನ ಕಿವಿಯಲ್ಲಿ, "ಅತ್ತಿಗೆ, ನೀವು ತರೋದು ಒಳ್ಳೇದೇ ಆಯ್ತು. ಅಮ್ಮ ತಂದ್ರೆ ಅರಿಶಿನ ಬಣ್ಣ ಬಿಟ್ಟು ಬೇರೆ ಬಣ್ಣ ಇರಲ್ಲ. ನಂಗೆ ಮರೂನ್ ಬೇಕು" ಎಂದಳು. ಆ ಮರೂನ್ ಧಾರೆ ಸೀರೆಯನ್ನು ಅವಳ ಕೈಗಿಡುವುದು ಅಂದಿನಿಂದ ನನ್ನ ಮಾನದ ಪ್ರಶ್ನೆಯಾಯಿತು.

ಅತ್ತೆಯದು ಒಂದೇ ಷರತ್ತು.

"ಆಷಾಢ ಕಳೀಲಿ. ಶ್ರಾವಣದ ಮೊದಲ ಶುಕ್ರವಾರ ಹೋಗು. ಆಷಾಢದಲ್ಲಿ ಮದ್ವೆ ಜವಳಿ ನಮ್ಮನೆ ಹೊಸ್ತಿಲು ದಾಟ್ಬಾರ್ದು."

ತಿಂಗಳಿಗೆ ಶುಭ ಅಶುಭ ಇರುವುದಿಲ್ಲ, ಚಂದ್ರ ಭೂಮಿಯ ಸುತ್ತ, ಭೂಮಿ ಸೂರ್ಯನ ಸುತ್ತ ತಿರುಗುವಾಗ ಆಗುವ ಲೆಕ್ಕ ಅಷ್ಟೇ ಎಂದು ನಾನು ಸಾವಧಾನವಾಗಿ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಸರ್ಲೇಮ್ಮಾ. ಭೂಮಿ ತಿರುಗ್ಲಿ. ಹೊಸ್ತಿಲು ನಂದು."

ಚರ್ಚೆ ಮುಕ್ತಾಯವಾಯಿತು.

ಇಲ್ಲಿ ಆಷಾಢ ಸೇಲ್ ಎಂಬ ಮಹಾಪರ್ವದ ಹುಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಚಿಕ್ಕವಳಿದ್ದಾಗ ಆಷಾಢ ಬಂತೆಂದರೆ ಬಟ್ಟೆ ಅಂಗಡಿಯವರು ನೊಣ ಹೊಡೆಯುತ್ತಿದ್ದರು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆಯರೆಲ್ಲ ತವರಿನಲ್ಲಿ. ಸೀರೆ ಕೇಳುವವರೇ ಇಲ್ಲ. ಹೀಗೆ ನೊಣ ಹೊಡೆದು ಹೊಡೆದು ಬೇಸತ್ತ ಯಾರೋ ಒಬ್ಬ ಪುಣ್ಯಾತ್ಮ, ಮಿಕ್ಕ ಮಾಲನ್ನು ಬಾಗಿಲ ಮುಂದೆ ಗುಡ್ಡೆ ಹಾಕಿ ಅರ್ಧ ಬೆಲೆ ಎಂದು ಕೂಗಿರಬೇಕು. ಅಷ್ಟೇ. ಇದಕ್ಕೆ ದಾಖಲೆ ಏನೆಂದು ನನ್ನನ್ನು ಕೇಳಬೇಡಿ, ನಮ್ಮಮ್ಮ ಹೇಳಿದ್ದು. ಏನನ್ನೂ ಕೊಳ್ಳಬಾರದ ತಿಂಗಳು ಇವತ್ತು ಎಲ್ಲವನ್ನೂ ಕೊಳ್ಳುವ ತಿಂಗಳಾಗಿದೆ. ಶ್ರಾವಣದಲ್ಲಿ ಉಡುವ ಸೀರೆಯನ್ನು ಜನ ಆಷಾಢದಲ್ಲಿ ಕೊಳ್ಳುತ್ತಾರೆ, ಕೊಂಡಿಲ್ಲ ಎಂದು ಹೇಳುತ್ತಾರೆ. ಇದೊಂದು ವಿಷಯದಲ್ಲಿ ನಮ್ಮ ಜಿಲ್ಲೆಯ ನಾಲ್ಕೂ ದಿಕ್ಕಿನವರು ಒಗ್ಗಟ್ಟಾಗಿದ್ದಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆಷಾಢ ಮುಗಿಯಲು ಹನ್ನೆರಡು ದಿನವಿದ್ದಾಗ ಪೇಪರಿನೊಳಗಿಂದ ಒಂದು ಹಳದಿ ಕರಪತ್ರ ಜಾರಿ ನನ್ನ ಕಾಲ ಮೇಲೆ ಬಿತ್ತು. ಕೋಲಾರದಲ್ಲಿ ಮಹಾ ಆಷಾಢ ಮೇಳ! ಎರಡು ರೇಷ್ಮೆ ಸೀರೆ ಕೊಂಡರೆ ಒಂದು ಉಚಿತ! ಕೆಳಗೆ ಮರೂನ್ ಸೀರೆ ಉಟ್ಟ ಹುಡುಗಿಯೊಬ್ಬಳು ನನ್ನನ್ನೇ ನೋಡಿ ನಗುತ್ತಿದ್ದಳು.

ನಾನು ಕೊಳ್ಳಲು ಹೋಗಲಿಲ್ಲ. ಸುಮ್ಮನೆ ನೋಡಿಕೊಂಡು ಬರಲು ಹೋದೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ ಅನ್ನುವುದು ಬೇರೆ ಮಾತು.

ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ, ಆಗಲೇ ಸಾಲು ರಸ್ತೆಯ ತಿರುವಿನ ತನಕ ಹೋಗಿತ್ತು. ಗಂಡಸರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದ್ದರು. ಒಬ್ಬೊಬ್ಬರ ತೊಡೆಯ ಮೇಲೂ ಒಂದು ಮಗು, ಇಲ್ಲದಿದ್ದರೆ ಒಂದು ಖಾಲಿ ಚೀಲ. ಶಟರ್ ಮೊಣಕಾಲೆತ್ತರ ಏರುವಷ್ಟರಲ್ಲಿ ಮುಂದಿದ್ದ ಹತ್ತು ಹೆಂಗಸರು ಬಗ್ಗಿ ಒಳಗೆ ನುಗ್ಗಿಬಿಟ್ಟರು. ಇವರೇನು ಮನುಷ್ಯರೋ ಏನೋ ಎಂದು ಬೈದುಕೊಂಡೆ. ಬೈದುಕೊಳ್ಳುವಾಗ ನಾನೂ ಬಗ್ಗಿದ್ದೆ.

ಒಳಗೆ ಸೀರೆಗಳನ್ನು ರಾಗಿ ರಾಶಿ ಹಾಕಿದಂತೆ ನಡುವೆ ಸುರಿದಿದ್ದರು. ಸುತ್ತ ನಾಲ್ಕು ಸಾಲು ಹೆಂಗಸರು. ನಾನು ಯಾರದೋ ಕಂಕುಳ ಕೆಳಗಿನಿಂದ ಕೈ ತೂರಿಸಿದೆ, ಬೆರಳಿಗೆ ಮರೂನ್ ಸೀರೆಯ ಅಂಚು ಸಿಕ್ಕಿತು. ಎಳೆದೆ. ಬರಲಿಲ್ಲ. ಇನ್ನೊಂದು ತುದಿಯನ್ನು ರಾಶಿಯ ಆಚೆ ಕಡೆ ನಿಂತಿದ್ದ ದಪ್ಪ ಮೂಗುಬೊಟ್ಟಿನ ಹೆಂಗಸು ಹಿಡಿದಿದ್ದಳು.

"ವದುಲಮ್ಮಾ! ಇದಿ ನಾದಿ!" ಬಿಡು, ಇದು ನನ್ನದು ಎಂದು ತೆಲುಗಿನಲ್ಲಿ ಕೂಗಿದಳು.

"ನೀವ್ ಬಿಡ್ರೀ! ನಾನ್ ಮೊದ್ಲು ಹಿಡ್ದಿದ್ದು!"

ಇಬ್ಬರೂ ಬಿಡಲಿಲ್ಲ. ಜನರ ನೂಕಾಟದಲ್ಲಿ ಅಲ್ಲಾಡಲೂ ಆಗದೆ, ಸೀರೆಯ ಎರಡು ತುದಿ ಹಿಡಿದು ನಿಂತ ನಮಗೆ ಮಾತಾಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಆಕೆ ಮುಳಬಾಗಿಲು ಕಡೆಯವಳು. ಮಗಳ ಮದುವೆ. ಅವರ ಮನೆಯಲ್ಲೂ ಆಷಾಢದ ಕಟ್ಟುಪಾಡು ಇದೆಯಂತೆ.

"ಮತ್ತೆ ಮನೆಗೆ ಹೆಂಗ್ರೀ ತಗೊಂಡು ಹೋಗ್ತೀರಾ?" ಎಂದು ಕೇಳಿದೆ.

"ಮನೆಗ್ಯಾಕಮ್ಮಾ? ಶ್ರೀನಿವಾಸಪುರದಲ್ಲಿ ನಮ್ ತಮ್ಮಂದು ಮಾವಿನ ಮಂಡಿ ಐತೆ. ಅಲ್ಲಿಡ್ತೀನಿ. ಶ್ರಾವಣ ಬಂದ್ಮೇಲೆ ಮನೆಗೆ. ಇಂಟ್ಲೋ ಇಡ್ಬಾರ್ದು ಅಂತಾರೆ, ಮಂಡೀಲಿ ಇಡ್ಬಾರ್ದು ಅಂತಾರಾ?"

ನನ್ನ ತಲೆಯಲ್ಲಿ ದೀಪ ಹತ್ತಿತು. ಅತ್ತೆ ಹೇಳಿದ್ದು ಹೊಸ್ತಿಲು ದಾಟಬಾರದು ಎಂದು. ನಮ್ಮ ಹಿತ್ತಿಲ ಆಚೆ, ಹಿಪ್ಪುನೇರಳೆ ತೋಟದ ಪಕ್ಕ, ನಮ್ಮ ಹುಳು ಮನೆ ಇದೆ. ರೇಷ್ಮೆ ಹುಳು ಸಾಕುವ ಶೆಡ್ಡು. ಅದಕ್ಕೆ ಹೊಸ್ತಿಲೇ ಇಲ್ಲ! ಬಾಗಿಲಲ್ಲಿ ಕಾಲಿಗೆ ಅದ್ದಿಕೊಳ್ಳಲು ಬ್ಲೀಚಿಂಗ್ ಪುಡಿ ನೀರಿನ ತಗ್ಗು ಮಾತ್ರ. ಮೇಲಾಗಿ ಅತ್ತೆ ಅಲ್ಲಿಗೆ ಕಾಲಿಡುವಂತಿಲ್ಲ. ಅವರ ನೋವಿನ ಎಣ್ಣೆ ವಾಸನೆಗೆ ಹುಳುಗಳು ಸೊಪ್ಪು ತಿನ್ನುವುದು ಬಿಡುತ್ತವೆಂದು ಅವರ ಮಗ, ಅಂದರೆ ನಮ್ಮ ಮನೆಯವರೇ, ಅವರನ್ನು ಅಲ್ಲಿಂದ ಬಹಿಷ್ಕರಿಸಿದ್ದರು. ಇಷ್ಟು ಭದ್ರವಾದ ಜಾಗ ಬ್ಯಾಂಕಿನಲ್ಲೂ ಸಿಗುವುದಿಲ್ಲ.

ಅಷ್ಟರಲ್ಲಿ ಮುಳಬಾಗಿಲಿನಾಕೆ ಹೆಬ್ಬೆರಳಲ್ಲಿ ಸೀರೆಯನ್ನು ಉಜ್ಜಿ ನೋಡಿದಳು. ಇನ್ನೊಂದು ಸಲ ಉಜ್ಜಿದಳು. ಆಮೇಲೆ ನನ್ನ ಮುಖ ನೋಡಿ ಬಹಳ ಪ್ರೀತಿಯಿಂದ ನಕ್ಕಳು.

"ತಗೋಮ್ಮಾ. ನೀನೇ ತಗೋ."

ಎಂಥ ದೊಡ್ಡ ಮನಸ್ಸು! ನನ್ನ ಕಣ್ಣು ತುಂಬಿ ಬಂತು. ಗೆದ್ದ ಸೀರೆಯನ್ನು ಎದೆಗೊತ್ತಿಕೊಂಡು ಸೇಲ್ಸ್‌ಮನ್ ಹತ್ತಿರ ಹೋದೆ.

"ಪ್ಯೂರ್ ರೇಷ್ಮೇನಾ ಇದು?"

"ಮುಟ್ಟಿದ್ರೆ ಗೊತ್ತಾಗಲ್ವಾ ಮೇಡಂ?"

"ಯಾಕ್ ಗೊತ್ತಾಗಲ್ಲ? ನಮ್ಮನೇಲೇ ಹುಳು ಮೇಯಿಸ್ತೀವಿ."

"ಹಂಗಾದ್ರೆ ನಿಮಗೆ ನಾನೇನ್ ಹೇಳ್ಲಿ ಮೇಡಂ, ನೀವೇ ನಂಗೆ ಹೇಳ್ಬೇಕು!" ಎಂದು ಅವನು ಕೈಮುಗಿದ.

ಕೈಮುಗಿದ ಮೇಲೆ ಪರೀಕ್ಷೆ ಮಾಡುವುದುಂಟೆ? ಯುದ್ಧದಲ್ಲಿ ಗೆದ್ದ ಸೀರೆಯನ್ನು ಯಾರಾದರೂ ಉಜ್ಜಿ ನೋಡುತ್ತಾರೆಯೆ? ಇನ್ನೂ ಮೂರನ್ನು ಅದೇ ರಾಶಿಯಿಂದ ಎಳೆದುಕೊಂಡೆ. ನಾಲ್ಕಕ್ಕೆ ಎರಡು ಉಚಿತ. ಒಟ್ಟು ಆರು ಸೀರೆ. ಹೊರಗೆ ಬಂದಾಗ ನನ್ನ ಒಂದು ಚಪ್ಪಲಿ ಇರಲಿಲ್ಲ.

ಮನೆಯ ಹಿಂದಿನ ದಾರಿಯಿಂದ ನೇರವಾಗಿ ಹುಳು ಮನೆಗೆ ಹೋದೆ. ನಮ್ಮ ಮನೆಯವರು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಕಳಚಿ ಒಂದೇ ಸಮ ತಿನ್ನುವ ಹಂತ. ಚೀಲ ನೋಡಿದೊಡನೆ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನೇ ಇದು?"

"ಜವಳಿ ರೀ. ಮೆತ್ತಗೆ ಮಾತಾಡಿ. ಶ್ರಾವಣದ ತನಕ ಇಲ್ಲೇ ಇರ್ಲಿ."

"ಅಮ್ಮಂಗೆ ಗೊತ್ತಾದ್ರೆ?"

"ಹೊಸ್ತಿಲು ಎಲ್ಲಿದೆ ಇಲ್ಲಿ, ತೋರಿಸಿ."

ಅವರು ಬಾಗಿಲ ಕಡೆ ನೋಡಿ ತಲೆ ಕೆರೆದುಕೊಂಡರು. ಆಮೇಲೆ ಚೀಲದೊಳಗೆ ಮೂಗಿಟ್ಟು ಕೂಗಿಕೊಂಡರು. "ನುಸಿಗುಳಿಗೆ ಕಣೇ! ಜೊತೆಗೆ ಸೆಂಟು ಬೇರೆ ಹೊಡ್ದವ್ರೆ! ಒಂದೇ ಒಂದು ಹುಳು ಉಳಿಯಲ್ಲ. ತಗೊಂಡ್ ಹೋಗು ಆಚೆ!"

ವಿಜ್ಞಾನದವಳಿಗೆ ಇದೊಂದು ಸಮಸ್ಯೆಯೆ? ನುಸಿಗುಳಿಗೆಗಳನ್ನು ತೆಗೆದು ದೂರ ಎಸೆದೆ. ಪ್ಲಾಸ್ಟಿಕ್ ಕವರುಗಳನ್ನು ಬಿಚ್ಚಿದೆ. ಸೀರೆಗಳನ್ನು ಹಿಪ್ಪುನೇರಳೆ ಗಿಡಗಳ ಮೇಲೆ ಸಂಜೆಯವರೆಗೆ ಗಾಳಿಗೆ ಹಾಕಿದೆ. ವಾಸನೆಯೆಲ್ಲ ಹೋದ ಮೇಲೆ ಮಡಿಸಿ, ಹುಳುಗಳಿದ್ದ ಸ್ಟ್ಯಾಂಡಿನ ಖಾಲಿಯಿದ್ದ ಮೇಲಿನ ಅಂತಸ್ತಿನಲ್ಲಿ ಜೋಡಿಸಿ, ಹಳೆಯ ಪಂಚೆಯೊಂದನ್ನು ಹೊದಿಸಿದೆ. ಹುಳುಗಳಿಗೂ ಅಪಾಯವಿಲ್ಲ, ಸೀರೆಗೂ ಅಪಾಯವಿಲ್ಲ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಒಂದು ವಾರ ಏನೂ ಆಗಲಿಲ್ಲ. ಸೋಮವಾರ ಹುಳುಗಳು ಹಣ್ಣಾದವು. ಹಣ್ಣಾಗುವುದು ಎಂದರೆ ಮೇಯುವುದು ಮುಗಿಸಿ, ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುವುದು. ಅವತ್ತು ನಮ್ಮ ಮನೆಯವರೂ ಇಬ್ಬರು ಆಳುಗಳೂ ಹುಳು ಆಯ್ದು ಆಯ್ದು, ಗೂಡು ಕಟ್ಟಿಸುವ ಬಿದಿರಿನ ತಟ್ಟೆಗಳಾದ ಚಂದ್ರಿಕೆಗಳಿಗೆ ಬಿಟ್ಟರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇವರು ಬಾಗಿಲು ಮುಚ್ಚಿ ಚಿಲಕ ಹಾಕಿದ್ದರು.

"ಗೂಡು ಕಟ್ತಾವೆ ಈಗ. ಭಾನುವಾರ ಬಿಡಿಸೋ ತನಕ ಒಳಗೆ ಯಾರೂ ಹೋಗ್ಬಾರ್ದು. ನೀನೂನು."

"ರೀ, ಸೀರೆ ಒಳಗಿದೆ!"

"ಇರ್ಲಿ ಬಿಡು. ಅದೇನ್ ಓಡೋಗುತ್ತಾ?"

ಸೀರೆ ಓಡಿಹೋಗುವುದಿಲ್ಲ, ನಿಜ. ಆದರೆ ಶುಕ್ರವಾರ ಓಡಿ ಬರುತ್ತಿತ್ತು. ಅವತ್ತೇ ಕೊಂಡು ತಂದವಳಂತೆ ನಾನು ಈ ಸೀರೆಗಳನ್ನು ಮನೆಯೊಳಗೆ ತರಬೇಕಿತ್ತು. ಭೀಮನ ಅಮಾವಾಸ್ಯೆ ಬುಧವಾರ ಕಳೆಯಿತು. ಗುರುವಾರ ಬೆಳಿಗ್ಗೆ ಅತ್ತೆ ಇನ್ನೊಂದು ಬಾಂಬು ಹಾಕಿದರು.

"ನಾಳೆ ನಾನೂ ಬರ್ತೀನಿ ಕಣಮ್ಮ ಜವಳಿಗೆ."

"ಅತ್ತೆ! ಮಂಡಿ?"

"ಇರೋದು ಒಬ್ಳೇ ಮಗಳು. ಮಂಡಿ ಎರಡು ಇದಾವೆ."

ನಾನು ಬಸ್ಸಿನ ಮೆಟ್ಟಿಲ ಎತ್ತರ ಹೇಳಿದೆ. ಅಂಗಡಿಯ ಮಹಡಿ ಹೇಳಿದೆ. ಕೊನೆಗೆ, "ನನ್ನ ಮೇಲೆ ನಂಬಿಕೆ ಇಲ್ವಾ ಅತ್ತೆ ನಿಮಗೆ?" ಎಂದು ಗಂಟಲು ಭಾರ ಮಾಡಿಕೊಂಡು ಕೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ನಂಬ್ಕೆ ಇಲ್ದೇನಮ್ಮ. ಹೋಗ್ಬಾ. ನೀನು ತಂದಿದ್ದೇ ಚೆನ್ನಾಗಿರುತ್ತೆ."

ಇದಕ್ಕಿಂತ ಅವರು ಎರಡು ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಖಾಲಿ ಚೀಲ ಹಿಡಿದು ಗಂಭೀರವಾಗಿ ಮನೆಯಿಂದ ಹೊರಟೆ. ಅತ್ತೆ, ಪವಿತ್ರ ಇಬ್ಬರೂ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟರು. ಬಸ್ ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಅವರು ಒಳಗೆ ಹೋದರೆಂದುಕೊಂಡು, ಬೇಲಿ ದಾಟಿ ಹುಳು ಮನೆಗೆ ತಿರುಗಿದೆ. ಚಿಲಕ ತೆಗೆದೆ. ಬ್ಲೀಚಿಂಗ್ ನೀರಿಗೆ ಕಾಲಿಟ್ಟಾಗ ಒಳ್ಳೆಯ ಸೀರೆಯ ಅಂಚು ನೆನೆಯಿತು. ಇರಲಿ. ಸ್ಟೂಲು ಹತ್ತಿ ಪಂಚೆ ಎತ್ತಿದೆ.

ಹಣ್ಣಾದ ಹುಳು ಮೇಲಕ್ಕೆ ಹತ್ತುತ್ತದೆ. ಇದನ್ನು ನಾನು ಪಾಠದಲ್ಲಿ ಹೇಳುತ್ತೇನೆ. ಆಳುಗಳ ಕಣ್ಣು ತಪ್ಪಿಸಿದ ಹುಳುಗಳು ಸ್ಟ್ಯಾಂಡಿನ ಕಂಬ ಹಿಡಿದು ಮೇಲಕ್ಕೆ ಹತ್ತಿದ್ದವು. ಮೇಲೆ ಕತ್ತಲು, ಮೆತ್ತನೆ, ಮಡಿಕೆ ಮಡಿಕೆಯಾಗಿ ಆರು ಸೀರೆ. ಅವಕ್ಕೆ ಇನ್ನೇನು ಬೇಕು? ಮರೂನ್ ಸೀರೆಯ ಸೆರಗಿನ ತುಂಬ ಬಿಳಿ ಗೂಡುಗಳು! ಮಡಿಕೆಯೊಳಗೆ ಗೂಡು, ಅಂಚಿನಲ್ಲಿ ಗೂಡು, ಜರಿ ನವಿಲಿನ ಕೊಕ್ಕಿನಲ್ಲೂ ಒಂದು ಗೂಡು. ಗೂಡು ಕಟ್ಟುವ ಮುಂಚೆ ಹುಳು ಒಂದು ಸಲ ಹೊಟ್ಟೆ ಪೂರ್ತಿ ಖಾಲಿ ಮಾಡುತ್ತದೆ. ಇದನ್ನೂ ನಾನು ಪಾಠದಲ್ಲಿ ಹೇಳುತ್ತೇನೆ. ಆ ಕೆಲಸವನ್ನೂ ಅವು ನನ್ನ ಸೀರೆಗಳ ಮೇಲೆಯೇ ಮುಗಿಸಿದ್ದವು.

ಸೀರೆಯನ್ನು ಹೊರಗೆ ಬೆಳಕಿಗೆ ತಂದು ಗೂಡು ಕೀಳತೊಡಗಿದೆ. ಒಂದನ್ನು ಕಿತ್ತರೆ ಅದರ ನಾರು ಪಕ್ಕದ ನಾಲ್ಕನ್ನು ಎಳೆಯುತ್ತಿತ್ತು. ಕೈಗೆಲ್ಲ ನೂಲು, ಕೂದಲಿಗೆಲ್ಲ ನೂಲು. ಅಳು ಬಂತು. ಪವಿತ್ರಳ ಧಾರೆ ಸೀರೆ! ಹನ್ನೊಂದು ವರ್ಷಕ್ಕೊಮ್ಮೆ ಬಂದ ನಂಬಿಕೆ! ನೆಲದ ಮೇಲೆ ಕೂತು ಅತ್ತೇಬಿಟ್ಟೆ.

"ಅರಿಶಿನ ಕುಂಕುಮ ಮರೆತು ಹೋದೆಯಲ್ಲಾಂತ ತಂದ್ರೆ, ಬಸ್ ಸ್ಟಾಪ್ ಇಲ್ಲಿಗೆ ಬಂದೈತಾ?"

ತಲೆಯೆತ್ತಿದರೆ ಅತ್ತೆ. ಒಂದು ಕೈಯಲ್ಲಿ ಕುಂಕುಮದ ಭರಣಿ, ಇನ್ನೊಂದು ಕೈ ಪವಿತ್ರಳ ಹೆಗಲ ಮೇಲೆ.

ಎಲ್ಲವನ್ನೂ ಹೇಳಿಬಿಟ್ಟೆ. ಕರಪತ್ರ, ಶಟರು, ಮುಳಬಾಗಿಲಿನಾಕೆ, ಹೊಸ್ತಿಲಿಲ್ಲದ ಬಾಗಿಲು, ಎಲ್ಲ. ಅತ್ತೆ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಮೆಲ್ಲಗೆ ಕಲ್ಲಿನ ಮೇಲೆ ಕೂತು, ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡು, ನಲವತ್ತು ವರ್ಷ ಹುಳು ಸಾಕಿದ ಬೆರಳುಗಳಿಂದ ಒಂದೊಂದೇ ಗೂಡನ್ನು ಕಡಲೆಕಾಯಿ ಬಿಡಿಸಿದಂತೆ ಬಿಡಿಸತೊಡಗಿದರು. ಹತ್ತಿಪ್ಪತ್ತು ಬಿಡಿಸಿರಬೇಕು, ಕೈ ನಿಂತಿತು. ಸೀರೆಯನ್ನು ಹೆಬ್ಬೆರಳಲ್ಲಿ ಉಜ್ಜಿದರು. ಇನ್ನೊಂದು ಸಲ ಉಜ್ಜಿದರು.

ಈ ಉಜ್ಜುವಿಕೆಯನ್ನು ನಾನು ಎಲ್ಲೋ ನೋಡಿದ್ದೆ.

"ಪವಿತ್ರಾ, ಬೆಂಕಿಪೊಟ್ಣ ತಗೊಂಬಾ."

ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟರು. ಎಳೆ ಕರಗಿ, ಸುರುಟಿ, ಕಪ್ಪನೆಯ ಗಟ್ಟಿ ಮಣಿಯಾಯಿತು. ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಗೂಡಿನಿಂದ ಸ್ವಲ್ಪ ನೂಲೆಳೆದು ಸುಟ್ಟರು. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ.

ಎಂಟನೇ ತರಗತಿ, ನೂಲು ಮತ್ತು ಬಟ್ಟೆಯ ಪಾಠ, ಚಟುವಟಿಕೆ. ಪ್ರತಿ ವರ್ಷ ನಾನೇ ಮಾಡಿಸುತ್ತೇನೆ. "ಮಕ್ಕಳೇ, ಗಮನವಿಟ್ಟು ನೋಡಿ" ಎಂದು ಹೇಳುತ್ತೇನೆ.

ಅತ್ತೆ ಆರೂ ಸೀರೆಗಳಿಂದ ಒಂದೊಂದು ಎಳೆ ಕಿತ್ತು ಸುಟ್ಟರು. ಆರು ಮಣಿ. ಅವನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಬಹಳ ಶಾಂತವಾಗಿ ಹೇಳಿದರು.

"ಪಾಪ, ಈ ಸೀರೇಲಿ ರೇಷ್ಮೆ ಇಲ್ಲ ಅಂತ ಹುಳಗಳ್ಗೂ ಗೊತ್ತಾಗೈತೆ ಕಣಮ್ಮ. ಅದಕ್ಕೇ ತಾವೇ ಒಂದಿಷ್ಟು ಕಟ್ಕೊಟ್ಟವೆ."

ಪವಿತ್ರ ನಗು ತಡೆಯಲಾರದೆ ಬಾಯಿಗೆ ದುಪಟ್ಟ ತುರುಕಿಕೊಂಡಳು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅದು ಸೂರ್ಯನ ಸುತ್ತ ತಿರುಗುವುದರಲ್ಲಿ ಮಗ್ನವಾಗಿತ್ತು. ನಕ್ಕು ಮುಗಿಸಿದ ಮೇಲೆ ಪವಿತ್ರ ನನ್ನ ಪಕ್ಕ ಕೂತು ಕೂದಲಿನ ನೂಲು ಬಿಡಿಸುತ್ತಾ, "ಅತ್ತಿಗೆ, ಬಣ್ಣ ಮಾತ್ರ ನಾನ್ ಹೇಳಿದ್ದೇ ತಂದಿದೀರ. ಅಳ್ಬೇಡಿ" ಎಂದಳು. ಅದಕ್ಕೆ ಇನ್ನಷ್ಟು ಅಳು ಬಂತು.

ಅದೇ ದಿನ ಹನ್ನೊಂದರ ಬಸ್ಸಿಗೆ ಮೂವರೂ ಕೋಲಾರಕ್ಕೆ ಹೋದೆವು. ಶ್ರಾವಣದ ಮೊದಲ ಶುಕ್ರವಾರ ಅಂಗಡಿಗಳಲ್ಲಿ ನೂಕಾಟವಿಲ್ಲ, ಜನರೆಲ್ಲ ಆಷಾಢದಲ್ಲೇ ಕೊಂಡು ಮುಗಿಸಿದ್ದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಕೊಟ್ಟ ಪ್ರತಿ ಸೀರೆಯನ್ನೂ ಉಜ್ಜಿ, ಕೊನೆಗೆ ಒಂದು ಮರೂನ್ ಸೀರೆಯ ಗೊಂಡೆಯಿಂದ ಎಳೆ ಕೇಳಿ ಪಡೆದು, ಅಂಗಡಿಯವನ ಎದುರೇ ಫುಟ್‌ಪಾತಿನಲ್ಲಿ ಸುಟ್ಟು ನೋಡಿದರು. ಬೂದಿಯಾಯಿತು. ತಗೊಂಡರು. ಜವಳಿ ಖಾತೆ ಅಧಿಕೃತವಾಗಿ ನನ್ನ ಕೈಬಿಟ್ಟು, ಜವಳಿ ಚೀಲ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಧಾರೆಯ ದಿನ ಪವಿತ್ರ ಆ ಸೀರೆಯಲ್ಲಿ ಎಷ್ಟು ಚೆನ್ನಾಗಿ ಕಂಡಳೆಂದರೆ, ನಾನು ದೂರದಿಂದ ನೋಡಿ ಅದೂ ನನ್ನ ಆಯ್ಕೆಯೇ ಎಂದು ಎರಡು ನಿಮಿಷ ನಂಬಿದೆ.

ನಮ್ಮ ಮನೆಯವರು ಭಾನುವಾರ ಗೂಡು ಬಿಡಿಸುವಾಗ ನನ್ನ ಸೀರೆಗಳ ಮೇಲಿನವನ್ನು ಬೇರೆ ಬುಟ್ಟಿಗೆ ಹಾಕಿ, "ಇವು ಟೀಚರ್ ತಳಿ" ಎಂದು ಊರಿಗೆಲ್ಲ ತೋರಿಸಿದರು. ಅವರ ಜೊತೆ ನಾಲ್ಕು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಿದ್ದು ಐದನೇ ದಿನ.

ಈ ವರ್ಷ ಆಷಾಢ ಬಂತು. ಪೇಪರಿನೊಳಗಿಂದ ಅದೇ ಹಳದಿ ಕರಪತ್ರ ಜಾರಿತು, ಅದೇ ಹುಡುಗಿ ಅದೇ ಮರೂನ್ ಸೀರೆಯಲ್ಲಿ ನಕ್ಕಳು. ಅತ್ತೆ ಅದನ್ನು ಎತ್ತಿ ಟೀಪಾಯಿ ಮೇಲಿಟ್ಟು, ಅದರ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೋದರು. ನಾನು ಬೆಂಕಿಪೊಟ್ಟಣವನ್ನು ತೆಗೆದುಕೊಂಡು ಶಾಲೆಗೆ ಹೋದೆ. ಎಂಟನೇ ತರಗತಿಗೆ ನೂಲಿನ ಪಾಠವಿತ್ತು. ಹೋದ ವರ್ಷದ ಆ ಮೇಳದ ಮರೂನ್ ಸೀರೆಯ ಸೆರಗಿನಿಂದ ಎಳೆ ಕಿತ್ತು ಸುಟ್ಟು, "ಮಕ್ಕಳೇ, ಗಮನವಿಟ್ಟು ನೋಡಿ. ಕರಗಿ ಮಣಿಯಾಯಿತು. ಹಾಗಾದರೆ ಇದು ಏನು?" ಎಂದು ಕೇಳಿದೆ.

"ಕೃತಕ ನೂಲು, ಮಿಸ್!" ಎಂದು ಇಡೀ ತರಗತಿ ಒಂದೇ ಉಸಿರಿಗೆ ಹೇಳಿತು. ಒಬ್ಬರೂ ತಪ್ಪು ಹೇಳಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇಷ್ಟು ಸುಲಭವಾಗಿ ಗೊತ್ತಾಗೋದಾದ್ರೆ ಯಾರು ಮಿಸ್ ಮೋಸ ಹೋಗ್ತಾರೆ?" ಎಂದು ಕೇಳಿದಳು.

ನಾನು ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಬರೆದೆ. ಸೀರೆ ಐದೂವರೆ ಮೀಟರ್ ಇದೆ, ಅಂಥವು ಇನ್ನೂ ಐದಿವೆ. ವರ್ಷಕ್ಕೆ ಹತ್ತು ಎಳೆ ಸುಟ್ಟರೂ, ನನ್ನ ನಿವೃತ್ತಿಯ ತನಕ ಈ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ.